ಕೇಳಿ, ಹೇಳ್ತೀನಿ: ಮೆಲಟೋನಿನ್ ತಿಂದರೆ ನಿದ್ದೆ ಬರುತ್ತಾ?

ಹೋದ ತಿಂಗಳು ಗ್ಯಾಸ್ಟ್ರಿಕ್ ಮಾತ್ರೆ ಬಗ್ಗೆ ಬರೆಯುವಾಗ ಕೊನೆಯಲ್ಲಿ ಒಂದೇ ಒಂದು ಸಾಲು ನಿದ್ದೆ ಬಗ್ಗೆ ಹಾಕಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದೇ! ಅದರಲ್ಲೂ ಮೆಲಟೋನಿನ್. ಕೋಲಾರದ ನಮ್ಮ ಅಂಗಡಿಗೂ ಈಗ ದಿನಕ್ಕೆ ಇಬ್ಬರು ಮೂವರು ಮೊಬೈಲ್ ಹಿಡಿದುಕೊಂಡು ಬಂದು, ‘ಇದು ಇದೆಯಾ ಅಣ್ಣ’ ಅಂತ ಫೋಟೋ ತೋರಿಸುತ್ತಾರೆ. ಮೊದಲೆಲ್ಲ ಈ ಹೆಸರನ್ನು ಡಾಕ್ಟರ್ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡುತ್ತಿರಲಿಲ್ಲ. ಮುಂಚೆಯೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಕೌಂಟರ್ ಹಿಂದೆ ನಿಲ್ಲುವ ಫಾರ್ಮಸಿಸ್ಟ್. ಮಾತ್ರೆ ಏನು ಮಾಡುತ್ತದೆ, ಯಾವುದರ ಜೊತೆ ಸೇರಿದರೆ ಎಡವಟ್ಟು ಅನ್ನೋದು ಗೊತ್ತು. ಎದೆಗೆ ಸ್ಟೆತಸ್ಕೋಪ್ ಇಡೋದು ನನ್ನ ಕೆಲಸ ಅಲ್ಲ.

ಪ್ರಶ್ನೆ: ನನಗೆ 46 ವರ್ಷ, ಪ್ರೈಮರಿ ಶಾಲೆ ಟೀಚರ್. ಒಂದು ವರ್ಷದಿಂದ ಮಲಗಿದರೂ ರಾತ್ರಿ ಹನ್ನೆರಡು, ಒಂದು ಗಂಟೆವರೆಗೆ ನಿದ್ದೆ ಹತ್ತುವುದಿಲ್ಲ. ಅಮೆರಿಕದಲ್ಲಿರುವ ನಾದಿನಿ ಬಂದಾಗ ಮೆಲಟೋನಿನ್ ಗಮ್ಮಿ (ಅಗಿದು ತಿನ್ನುವ ಮಿಠಾಯಿ ಥರದ್ದು) ಡಬ್ಬ ಕೊಟ್ಟು ಹೋದಳು. ಒಂದರಲ್ಲಿ 10 ಮಿಲಿಗ್ರಾಂ ಅಂತ ಇದೆ. ಹತ್ತೂವರೆಗೆ ಒಂದು ತಿಂದೆ, ಏನೂ ಆಗಲಿಲ್ಲ. ಹನ್ನೆರಡೂವರೆಗೆ ಇನ್ನೊಂದು ತಿಂದೆ. ರಾತ್ರಿಯೆಲ್ಲ ಕೆಟ್ಟ ಕನಸು, ಬೆಳಿಗ್ಗೆ ತಲೆ ಭಾರ, ಶಾಲೆಯಲ್ಲಿ ಪ್ರೇಯರ್‌ಗೆ ನಿಂತಾಗ ತೂಕಡಿಕೆ. ಇದು ನನಗೆ ಆಗಿಬರಲ್ವಾ?
– ಓದುಗರು, ಚಿಂತಾಮಣಿ

ಅಕ್ಕ, ಮೊದಲು ಆ ಡಬ್ಬ ಮುಚ್ಚಿ ಎತ್ತಿಡಿ. ಒಂದೇ ರಾತ್ರಿಗೆ 20 ಮಿಲಿಗ್ರಾಂ ಆಯ್ತಲ್ಲ! ನಮ್ಮ ಮೈ ಒಂದು ರಾತ್ರಿಗೆ ತಾನೇ ತಯಾರಿಸುವ ಮೆಲಟೋನಿನ್ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಲೆಕ್ಕ ಹಾಕಿ ನೋಡಿ, ಇನ್ನೂರು ಪಟ್ಟಿಗಿಂತ ಜಾಸ್ತಿ ನುಂಗಿದ್ದೀರಿ. ಗಾಬರಿ ಬೇಡ. ಕೆಟ್ಟ ಕನಸು, ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು, ಮಾರನೇ ದಿನ ಮಂಪರು, ಇವೆಲ್ಲ ಈ ಮಾತ್ರೆಯಲ್ಲಿ ಗೊತ್ತಿರುವ ತೊಂದರೆಗಳೇ. ನಿಲ್ಲಿಸಿದರೆ ಹೋಗುತ್ತವೆ.

ನನಗೆ ಡೋಸಿಗಿಂತ ಜಾಸ್ತಿ ಕಣ್ಣಿಗೆ ಬಿದ್ದಿದ್ದು ನೀವು ತಿಂದ ಹೊತ್ತು. ಹನ್ನೆರಡೂವರೆ! ಮೆಲಟೋನಿನ್ ಎಂದರೆ ಹೊಡೆದು ಮಲಗಿಸುವ ಮಾತ್ರೆ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಮೈಗೆ ‘ಕತ್ತಲಾಯ್ತು, ಇನ್ನು ಸುಮ್ಮನಾಗು’ ಅಂತ ಸುದ್ದಿ ಮುಟ್ಟಿಸುವ ಹಾರ್ಮೋನು, ಅಷ್ಟೇ. ಮಿದುಳಿನ ನಡುವೆ ಪೀನಿಯಲ್ ಅಂತ ಕಡಲೆಗಿಂತ ಚಿಕ್ಕ ಗ್ರಂಥಿಯಿದೆ. ಸಂಜೆ ಬೆಳಕು ಇಳಿಯುತ್ತಿದ್ದಂತೆ ಅದು ಕೆಲಸ ಶುರು ಮಾಡುತ್ತದೆ, ನಾವು ಮಲಗುವುದಕ್ಕೆ ಸುಮಾರು ಎರಡು ಗಂಟೆ ಮುಂಚೆಯೇ ರಕ್ತದಲ್ಲಿ ಮೆಲಟೋನಿನ್ ಏರತೊಡಗುತ್ತದೆ, ಕಣ್ಣಿಗೆ ಜೋರು ಬೆಳಕು ಬಿದ್ದರೆ ಇಳಿದುಬಿಡುತ್ತದೆ. ಇದನ್ನು 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆರನ್ ಲರ್ನರ್ ಅನ್ನುವ ಡಾಕ್ಟರು ಹಸುಗಳ ಪೀನಿಯಲ್ ಗ್ರಂಥಿಯಿಂದ ತೆಗೆದರು. ತಮಾಷೆ ಏನು ಗೊತ್ತಾ, ಅವರು ಚರ್ಮದ ಡಾಕ್ಟರು, ಹುಡುಕುತ್ತಿದ್ದದ್ದು ಚರ್ಮದ ಬಣ್ಣದ ಗುಟ್ಟನ್ನು! ನಿದ್ದೆ ಅವರ ಲೆಕ್ಕದಲ್ಲೇ ಇರಲಿಲ್ಲ.

ಅಂದಮೇಲೆ ಅರ್ಧರಾತ್ರಿ ಅದನ್ನು ನುಂಗಿದರೆ ಏನಾಗುತ್ತದೆ? ಹನ್ನೆರಡೂವರೆಗೆ ಈಗ ಸಂಜೆಯಾಯಿತು ಅಂತ ಮೈಗೆ ಸುಳ್ಳು ಹೇಳಿದ ಹಾಗೆ. ಬೆಳಿಗ್ಗೆ ಪ್ರೇಯರ್ ಹೊತ್ತಿಗೆ ಮೈಯೊಳಗೆ ಇನ್ನೂ ರಾತ್ರಿ. ನಾನೇ ಒಂದು ಸಲ ಹೀಗೆ ಮಾಡಿಕೊಂಡಿದ್ದೆ. ವರ್ಷದ ಕೊನೆಗೆ ಸ್ಟಾಕ್ ಎಣಿಸುತ್ತಾ ಒಂದು ಗಂಟೆ ಆಗಿತ್ತು, ತಲೆ ಓಡುತ್ತಲೇ ಇತ್ತು, ಕೈಗೆ ಸಿಕ್ಕ 10 ಮಿಲಿಗ್ರಾಂ ಮಾತ್ರೆ ಹಾಕಿಕೊಂಡೆ. ಬೆಳಿಗ್ಗೆ ಅಂಗಡಿ ತೆಗೆದೆ ಸರಿ, ನೂರು ರೂಪಾಯಿ ಕೊಟ್ಟವರಿಗೆ ಐನೂರಕ್ಕೆ ಚಿಲ್ಲರೆ ಕೊಟ್ಟು ಕಳಿಸಿದೆ. ಆ ಪುಣ್ಯಾತ್ಮರು ವಾಪಸ್ ಬಂದು ಕೊಟ್ಟರು ಅನ್ನಿ.

ತಗೊಳ್ಳಲೇಬೇಕು ಅಂದರೆ ಹೀಗೆ ಮಾಡಿ. ಅರ್ಧ ಮಿಲಿಗ್ರಾಂ ಅಥವಾ 1 ಮಿಲಿಗ್ರಾಂನಿಂದ ಶುರು. ನಮ್ಮ ಕಡೆ ಅಂಗಡಿಗಳಲ್ಲಿ 3 ಮಿಲಿಗ್ರಾಂ ಸಾಮಾನ್ಯ, ಅದು ಸಾದಾ ಮಾತ್ರೆಯಾದರೆ ಮುರಿದು ಅರ್ಧ ತಗೊಳ್ಳಬಹುದು. ನಿಧಾನವಾಗಿ ಕರಗುವ ಮಾತ್ರೆ ಅಂತ ಸ್ಟ್ರಿಪ್ ಮೇಲೆ ಇದ್ದರೆ ಮುರಿಯಬೇಡಿ, ಅಗಿಯಬೇಡಿ, ಮುರಿದರೆ ಇಡೀ ರಾತ್ರಿ ಬಿಡಬೇಕಾದ್ದು ಒಟ್ಟಿಗೆ ಬಂದುಬಿಡುತ್ತದೆ. ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ, ದಿನಾ ಒಂದೇ ಹೊತ್ತಿಗೆ. ತಗೊಂಡ ಮೇಲೆ ಟ್ಯೂಬ್‌ಲೈಟ್ ಆರಿಸಿ. ಮಾತ್ರೆ ತಿಂದು ಮೊಬೈಲ್ ನೋಡುತ್ತಾ ಕೂತರೆ ಒಂದು ಕೈಯಲ್ಲಿ ದೀಪ ಆರಿಸಿ ಇನ್ನೊಂದು ಕೈಯಲ್ಲಿ ಹಚ್ಚಿದಂತೆ. ನಿದ್ದೆ ಬರಲಿಲ್ಲ ಅಂತ ಅದೇ ರಾತ್ರಿ ಎರಡನೆಯದು ಬೇಡವೇ ಬೇಡ. ಎರಡು ಮೂರು ವಾರ ನೋಡಿ, ಗುಣ ಕಾಣದಿದ್ದರೆ ಬಿಟ್ಟುಬಿಡಿ.

ಆಸೆ ಎಷ್ಟು ಇಟ್ಟುಕೊಳ್ಳಬೇಕು ಅಂತಲೂ ಹೇಳಬೇಕಲ್ಲ. 2013ರಲ್ಲಿ 19 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಮೆಲಟೋನಿನ್ ತಗೊಂಡವರಿಗೆ ಸರಾಸರಿ 7 ನಿಮಿಷ ಬೇಗ ನಿದ್ದೆ ಹತ್ತಿತ್ತು, ಒಟ್ಟು ನಿದ್ದೆ 8 ನಿಮಿಷ ಜಾಸ್ತಿ ಆಗಿತ್ತು. ಅಷ್ಟೇ ಅಕ್ಕ. ವರ್ಷಗಟ್ಟಲೆ ನಿದ್ದೆ ಬಾರದವರಿಗೆ ಇದನ್ನು ಕೊಡುವುದು ಬೇಡ ಅನ್ನುವ ಕಡೆಗೇ ಅಮೆರಿಕದ ನಿದ್ರಾ ವೈದ್ಯರ ಸಂಘ 2017ರಲ್ಲಿ ಸಲಹೆ ಕೊಟ್ಟಿದೆ. ಆದರೆ ಮೈಯೊಳಗಿನ ಗಡಿಯಾರ ಹಿಂದೆ ಮುಂದೆ ಆದವರಿಗೆ, ಅಂದರೆ ದೂರದೇಶದಿಂದ ವಿಮಾನದಲ್ಲಿ ಬಂದವರಿಗೆ, ರಾತ್ರಿ ಎರಡಕ್ಕೆ ಮಲಗಿ ಹತ್ತಕ್ಕೆ ಏಳುವುದೇ ಅಭ್ಯಾಸವಾದ ಹುಡುಗರಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನು ಆ ಗಮ್ಮಿ. ಅಮೆರಿಕದಲ್ಲಿ ಮೆಲಟೋನಿನ್ ಔಷಧಿ ಲೆಕ್ಕಕ್ಕೆ ಬರುವುದಿಲ್ಲ, 1994ರ ಕಾನೂನಿನ ಪ್ರಕಾರ ಅದು ಆಹಾರದ ಪೂರಕ, ವಿಟಮಿನ್ ಡಬ್ಬಗಳ ಸಾಲಿನಲ್ಲಿ ಇಟ್ಟು ಮಾರುತ್ತಾರೆ. ಕೆನಡಾದಲ್ಲಿ 31 ಬಗೆಯ ಡಬ್ಬ ಕೊಂಡು ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದರು. ಒಂದರಲ್ಲಿ ಲೇಬಲ್‌ಗಿಂತ 83% ಕಡಿಮೆ ಇತ್ತು, ಇನ್ನೊಂದರಲ್ಲಿ 478% ಜಾಸ್ತಿ! ಎಂಟರಲ್ಲಿ ಸೆರಟೋನಿನ್ ಅನ್ನುವ ಬೇರೆ ವಸ್ತುವೇ ಸೇರಿತ್ತು. 2023ರಲ್ಲಿ ಅಮೆರಿಕದ 25 ಗಮ್ಮಿ ನೋಡಿದಾಗ 22ರಲ್ಲಿ ಲೇಬಲ್ ಒಂದು, ಒಳಗಿರುವುದು ಇನ್ನೊಂದು. ಹಾಗಾಗಿ ನಿಮ್ಮ 10 ಮಿಲಿಗ್ರಾಂ ನಿಜಕ್ಕೂ 10 ಅಂತ ನಂಬಿ ಕೂರಬೇಡಿ. ನಾದಿನಿ ಪ್ರೀತಿಯಿಂದ ಕೊಟ್ಟಿದ್ದು, ಅವರ ತಪ್ಪಲ್ಲ ಪಾಪ.

ಒಂದು ಮಾತು ನೀವು ಬರೆದಿಲ್ಲ, ಆದರೆ ವಯಸ್ಸು 46 ಅಂದಿದ್ದೀರಿ. ಮುಟ್ಟು ಹಿಂದೆ ಮುಂದೆ ಆಗುತ್ತಿದೆಯಾ, ರಾತ್ರಿ ಮೈ ಕಾದಂತಾಗಿ ಬೆವರಿ ಎಚ್ಚರ ಆಗುತ್ತಾ? ಹಾಗಿದ್ದರೆ ಹೆಂಗಸರ ಡಾಕ್ಟರನ್ನು ನೋಡಿ, ಥೈರಾಯ್ಡ್ ಕೂಡ ಒಮ್ಮೆ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಒಂದು ಕೆಲಸ: ಹಾಸಿಗೆಯಲ್ಲಿ ಇಪ್ಪತ್ತು ನಿಮಿಷ ಹೊರಳಾಡಿದಿರಾ, ಎದ್ದು ಹಾಲ್‌ನಲ್ಲಿ ಸಣ್ಣ ದೀಪದಲ್ಲಿ ಕೂತು ಬಟ್ಟೆ ಮಡಚಿ, ಹೂ ಕಟ್ಟಿ, ನಿದ್ದೆ ಬಂದಾಗಲೇ ಮತ್ತೆ ಹೋಗಿ ಮಲಗಿ. ಎಷ್ಟೊತ್ತಿಗೆ ಮಲಗಿದರೂ ಏಳುವ ಹೊತ್ತು ಮಾತ್ರ ಬದಲಾಯಿಸಬೇಡಿ, ಭಾನುವಾರವೂ! ಒಂದು ವಾರ ಕಷ್ಟ. ಡಾಕ್ಟರುಗಳು ಬಹುಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡುವ ಚಿಕಿತ್ಸೆಯ ಅರ್ಧ ಭಾಗ ಇದೇ.

ಪ್ರಶ್ನೆ: ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ವಾರಕ್ಕೊಂದು ಶಿಫ್ಟ್ ಬದಲಾಗುತ್ತೆ. ನೈಟ್ ಶಿಫ್ಟ್ ವಾರದಲ್ಲಿ ಹಗಲು ಮೂರು ಗಂಟೆ ಮೇಲೆ ನಿದ್ದೆ ಬರಲ್ಲ. ಮೆಲಟೋನಿನ್ ಯಾವಾಗ ತಗೊಳ್ಳಲಿ? ಕೆಲಸ ಮುಗಿಸಿ ಬೈಕ್ ಹತ್ತೋ ಮುಂಚೆ ತಗೊಂಡರೆ ಮನೆ ಸೇರೋ ಹೊತ್ತಿಗೆ ಸರಿ ಹೋಗುತ್ತೆ ಅಂತ ರೂಮ್‌ಮೇಟ್ ಹೇಳ್ತಾನೆ.
– ಓದುಗರು, ಕೋಲಾರ

ಆ ರೂಮ್‌ಮೇಟ್ ಮಾತು ಕೇಳಬೇಡಿ! ರಾತ್ರಿಯಿಡೀ ದುಡಿದು ಅರ್ಧ ಮಂಪರಲ್ಲಿ ಇರುತ್ತೀರಿ, ಹೈವೇಯಲ್ಲಿ ಟೊಮೇಟೊ ಲಾರಿಗಳ ಪಕ್ಕ ಬೈಕ್ ಓಡಿಸಬೇಕು, ಅದರ ಮೇಲೆ ಈ ಮಾತ್ರೆ ಬೇರೆಯಾ? ತಗೊಂಡ ಮೇಲೆ ನಾಲ್ಕೈದು ಗಂಟೆ ಗಾಡಿ, ಮೆಷಿನ್ ಮುಟ್ಟಬಾರದು ಅನ್ನೋದು ನಿಯಮ. ಮನೆಗೆ ಬಂದು, ಚಪ್ಪಲಿ ಬಿಟ್ಟು, ತಿಂಡಿ ತಿಂದು, ಆಮೇಲೆ.

ಅದರಿಂದ ಎಷ್ಟು ಲಾಭ? ನೈಟ್ ಶಿಫ್ಟ್ ನಂತರ ಮೆಲಟೋನಿನ್ ತಗೊಂಡವರ ಅಧ್ಯಯನಗಳನ್ನು 2014ರಲ್ಲಿ ಒಟ್ಟು ಮಾಡಿ ನೋಡಿದ್ದಾರೆ, ಹಗಲು ನಿದ್ದೆ ಸರಾಸರಿ 24 ನಿಮಿಷ ಜಾಸ್ತಿ ಆಗಿತ್ತು. ಬೇಡ ಅನ್ನುವಷ್ಟು ಕಡಿಮೆಯೇನಲ್ಲ. ಆದರೆ ವಾರಕ್ಕೊಮ್ಮೆ ಶಿಫ್ಟ್ ಬದಲಾದರೆ ಮೈಯೊಳಗಿನ ಗಡಿಯಾರವನ್ನು ಯಾವ ಮಾತ್ರೆಯೂ ಪೂರ್ತಿ ತಿರುಗಿಸಲಾರದು. ಅದು ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಸರಿಯುತ್ತದೆ, ಅರ್ಧ ದಾರಿಗೆ ಬರುವಷ್ಟರಲ್ಲಿ ನಿಮ್ಮ ಸೂಪರ್‌ವೈಸರ್ ಡೇ ಶಿಫ್ಟ್ ಹಾಕಿರುತ್ತಾರೆ.

ಜಾಸ್ತಿ ಕೆಲಸ ಮಾಡೋದು ಕತ್ತಲೆ. ಕಿಟಕಿಗೆ ದಪ್ಪ ಕಂಬಳಿ ನೇತುಹಾಕಿ, ಸಂದಿಗೆ ಪೇಪರ್ ಅಂಟಿಸಿ. ಕಾಫಿ, ಟೀ ಶಿಫ್ಟ್‌ನ ಮೊದಲ ಅರ್ಧಕ್ಕೇ ಮುಗಿಸಿ. ಕುಡಿದ ಕಾಫಿಯ ಅರ್ಧ ಭಾಗ ಐದು ಗಂಟೆ ಆದರೂ ರಕ್ತದಲ್ಲೇ ಓಡಾಡುತ್ತಿರುತ್ತದೆ, ಬೆಳಗಿನ ಜಾವ ನಾಲ್ಕರ ಟೀ ಹೊಟ್ಟೆಗೆ ಹಾಕಿಕೊಂಡು ಎಂಟಕ್ಕೆ ನಿದ್ದೆ ಬಾ ಅಂದರೆ ಎಲ್ಲಿಂದ ಬರಬೇಕು? ನಿಮ್ಮ ಓನರ್ ಆಂಟಿ ಹಗಲು ಹತ್ತಕ್ಕೆ ಮಿಕ್ಸಿ ಹಾಕುವುದಕ್ಕೆ ಮಾತ್ರ ನನ್ನ ಹತ್ತಿರ ಔಷಧಿ ಇಲ್ಲ.

ಪ್ರಶ್ನೆ: ನಮ್ಮ ತಂದೆಗೆ 68. ಬಿಪಿ, ಶುಗರ್ ಎರಡೂ ಇದೆ. ಹಾರ್ಟ್ ವಾಲ್ವ್ ಆಪರೇಷನ್ ಆಗಿ ರಕ್ತ ತೆಳ್ಳಗೆ ಮಾಡುವ ವಾರ್ಫರಿನ್ ತಗೊಳ್ತಾರೆ. ಎಂಟು ವರ್ಷದಿಂದ ರಾತ್ರಿ ಅಲ್ಪ್ರಜೋಲಮ್ ಅರ್ಧ ಮಾತ್ರೆ ಇಲ್ಲದೆ ಮಲಗಲ್ಲ. ಅದು ಅಭ್ಯಾಸ ಆಗಿದೆ, ನಿಲ್ಲಿಸಿ ಮೆಲಟೋನಿನ್ ಕೊಡಬಹುದಾ? ಅದು ‘ನೈಸರ್ಗಿಕ’ ಅಂತಾರಲ್ಲ.
– ಓದುಗರು, ಗೌರಿಬಿದನೂರು

ನಿಲ್ಲಿಸಬೇಡಿ. ಅಂದರೆ, ನೀವಾಗಿ ನಿಲ್ಲಿಸಬೇಡಿ. ಎಂಟು ವರ್ಷ ತಗೊಂಡ ಅಲ್ಪ್ರಜೋಲಮ್ ಒಂದೇ ಸಲಕ್ಕೆ ಬಿಟ್ಟರೆ ಕೈ ನಡುಕ, ವಿಪರೀತ ದಿಗಿಲು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು, ಅದು ಡಾಕ್ಟರ್ ಕೈಕೆಳಗೆ ಆಗಬೇಕಾದ ಕೆಲಸ. ಮೆಲಟೋನಿನ್ ಅದರ ಜಾಗಕ್ಕೆ ಬರುವ ಮಾತ್ರೆಯೇ ಅಲ್ಲ. ಎರಡೂ ಒಟ್ಟಿಗೆ ಕೊಟ್ಟರೆ ಮಂಪರು ಇಮ್ಮಡಿ.

ಇಂಥ ಪತ್ರ ಓದಿದಾಗ ನನಗೆ ನೆನಪಾಗುವುದು ಕತ್ತರಿಸಿದ ಸ್ಟ್ರಿಪ್. ಜೇಬಿನಿಂದ ಬೀಡಿ ಕಟ್ಟಿನ ಜೊತೆ ಎರಡು ಮಾತ್ರೆಯಷ್ಟು ಅಗಲದ ಬೆಳ್ಳಿ ಕಾಗದ ಹೊರಗೆ ಬರುತ್ತದೆ. ಹೆಸರು ಅರ್ಧ, ಮಿಲಿಗ್ರಾಂ ಇಲ್ಲ, ಎಕ್ಸ್‌ಪೈರಿ ಮೊದಲೇ ಇಲ್ಲ. ‘ಇದೇ ಕೊಡಪ್ಪ, ಹತ್ತು ಮಾತ್ರೆ.’ ಚೀಟಿ ಎಲ್ಲಿ ಅಂದರೆ ಬೇರೆ ಅಂಗಡಿಯವರು ಕೇಳೋದೇ ಇಲ್ಲ ಅಂತ ನನ್ನ ಮೇಲೇ ಸಿಟ್ಟು! ಅಲ್ಪ್ರಜೋಲಮ್, ಜೋಲ್ಪಿಡೆಮ್ ಅನ್ನುವ ನಿದ್ದೆ ಮಾತ್ರೆಗಳೆಲ್ಲ 2014ರ ಮಾರ್ಚ್‌ನಿಂದ ಎಚ್1 ಅನ್ನುವ ಸರ್ಕಾರದ ಕಟ್ಟುನಿಟ್ಟಿನ ಔಷಧಿ ಪಟ್ಟಿಯಲ್ಲಿವೆ. ಚೀಟಿ ನೋಡಿ ಕೊಡಬೇಕು, ರೋಗಿಯ ಹೆಸರು, ಡಾಕ್ಟರ್ ಹೆಸರು, ಎಷ್ಟು ಕೊಟ್ಟೆ ಅನ್ನೋದನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಸುಮ್ನೆ ಸತಾಯಿಸೋಕೆ ಕೇಳಲ್ಲ.

ಈಗ ನಿಮ್ಮ ತಂದೆಯ ವಿಷಯ. ವಾರ್ಫರಿನ್ ಜೊತೆ ಮೆಲಟೋನಿನ್ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ವಾಲ್ವ್ ಹಾಕಿಸಿಕೊಂಡವರಲ್ಲಿ ಇದು ಆಟದ ಮಾತಲ್ಲ. ಬಿಪಿಗೆ ನಿಫೆಡಿಪಿನ್ ಅನ್ನುವ ಮಾತ್ರೆ ಇದ್ದರೆ ಮೆಲಟೋನಿನ್ ಅದರ ಕೆಲಸ ಕೆಡಿಸಿ ಬಿಪಿ ಏರಿಸಬಹುದು. ಶುಗರ್ ಮೇಲೂ ಪರಿಣಾಮ ಇದೆ. ಖಿನ್ನತೆಗೆ ಕೊಡುವ ಫ್ಲುವೊಕ್ಸಮಿನ್ ಜೊತೆ ಸೇರಿದರೆ ರಕ್ತದಲ್ಲಿ ಮೆಲಟೋನಿನ್ ಹಲವು ಪಟ್ಟು ಏರುತ್ತದೆ. ಫಿಟ್ಸ್ ಮಾತ್ರೆ ತಗೊಳ್ಳುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಬಸುರಿ ಬಾಣಂತಿಯರು ಕೂಡ ಡಾಕ್ಟರನ್ನು ಕೇಳದೆ ಮುಟ್ಟಬಾರದು. ‘ನೈಸರ್ಗಿಕ’ ಅನ್ನೋ ಪದ ಕೇಳಿ ಮೋಸ ಹೋಗಬೇಡಿ. ಇನ್ಸುಲಿನ್ ಕೂಡ ನೈಸರ್ಗಿಕವೇ ತಾನೆ, ಬೇಕಾಬಿಟ್ಟಿ ಚುಚ್ಚಿಕೊಳ್ತೀವಾ?

ವಯಸ್ಸಾದವರಿಗೆ ಇದನ್ನು ಕೊಡುವುದೇ ಇಲ್ಲ ಅಂತಲ್ಲ. ಬ್ರಿಟನ್‌ನಲ್ಲಿ 55 ದಾಟಿದವರಿಗೆ 2 ಮಿಲಿಗ್ರಾಂನ ನಿಧಾನ ಕರಗುವ ಮಾತ್ರೆಯನ್ನು, ಡಾಕ್ಟರ್ ಚೀಟಿ ಮೇಲೆ, ಹೆಚ್ಚೆಂದರೆ 13 ವಾರ ಕೊಡುತ್ತಾರೆ. ನಿಮ್ಮ ತಂದೆಯ ಡಾಕ್ಟರೂ ಅಂಥದ್ದೇನಾದರೂ ಯೋಚಿಸಬಹುದು. ಅವರ ಬಳಿ ಹೋಗುವಾಗ ಎಲ್ಲ ಮಾತ್ರೆಗಳನ್ನೂ ಒಂದು ಕವರ್‌ನಲ್ಲಿ ಹಾಕಿಕೊಂಡು ಹೋಗಿ. ರಾತ್ರಿ ಜೋರು ಗೊರಕೆ ಹೊಡೆದು ನಡುನಡುವೆ ಉಸಿರು ನಿಂತಂತೆ ಆಗುತ್ತದಾ ಅನ್ನೋದನ್ನು ಗಮನಿಸಿ ಅದನ್ನೂ ಹೇಳಿ. ಹಾಗಿದ್ದರೆ ಅದು ಬೇರೆಯದೇ ಕಾಯಿಲೆ, ಅಲ್ಪ್ರಜೋಲಮ್ ಅದಕ್ಕೆ ಕೆಟ್ಟದ್ದು. ನಿಮ್ಮ ಕಡೆ ತ್ರೀ ಫೇಸ್ ಕರೆಂಟ್ ರಾತ್ರಿ ಎರಡಕ್ಕೆ ಬಂದರೆ ಮೋಟರ್ ಹಾಕಲು ತಂದೆಯೇ ತೋಟಕ್ಕೆ ಎದ್ದು ಹೋಗುತ್ತಾರಾ? ನಿದ್ದೆ ಮಾತ್ರೆ ಮಂಪರಲ್ಲಿ ಬದುವಿನ ಮೇಲೆ ಜಾರಿದರೆ, ವಾರ್ಫರಿನ್ ತಗೊಳ್ಳುವವರಿಗೆ ತಲೆಗೆ ಸಣ್ಣ ಪೆಟ್ಟೂ ದೊಡ್ಡದೇ. ಆ ಕೆಲಸ ಇವತ್ತಿನಿಂದಲೇ ಬೇರೆಯವರು ವಹಿಸಿಕೊಳ್ಳಿ.

ಪ್ರಶ್ನೆ: ಮಗನಿಗೆ ಐದು ವರ್ಷ. ರಾತ್ರಿ ಹನ್ನೆರಡಾದರೂ ಮಲಗಲ್ಲ. ಮಕ್ಕಳ ಮೆಲಟೋನಿನ್ ಗಮ್ಮಿ ಆನ್‌ಲೈನ್‌ನಲ್ಲಿ ನೋಡಿದೆ. ಕೊಡಲಾ?
– ಓದುಗರು, ಮಾಲೂರು

ಬೇಡಮ್ಮ. ಆಟಿಸಂ ಥರದ ತೊಂದರೆ ಇರುವ ಕೆಲವು ಮಕ್ಕಳಿಗೆ ಡಾಕ್ಟರೇ ಇದನ್ನು ಬರೆದುಕೊಡುತ್ತಾರೆ. ಅದು ಬೇರೆ. ಸುಮ್ನೆ ಮಲಗಲ್ಲ ಅಂತ ಹಾರ್ಮೋನು ಕೊಡುವುದು ಸರಿಯಲ್ಲ. ಅಮೆರಿಕದಲ್ಲಿ ಮಕ್ಕಳು ಮೆಲಟೋನಿನ್ ನುಂಗಿದರು ಅಂತ ವಿಷ ಮಾಹಿತಿ ಕೇಂದ್ರಗಳಿಗೆ ಬಂದ ಕರೆ 2012ರಲ್ಲಿ ಎಂಟು ಸಾವಿರ ಚಿಲ್ಲರೆ ಇತ್ತು, 2021ರಲ್ಲಿ 52 ಸಾವಿರ ದಾಟಿತು. ಜಾಸ್ತಿ ಜನ ಪುಟಾಣಿಗಳೇ, ಚಾಕೊಲೇಟ್ ಅಂದುಕೊಂಡು ತಿಂದವರು. ಹೆಚ್ಚಿನವರಿಗೆ ಏನೂ ಆಗಲಿಲ್ಲ, ಆದರೆ ಆ ಹತ್ತು ವರ್ಷದಲ್ಲಿ ಎರಡು ಮಕ್ಕಳು ಸತ್ತಿದ್ದಾರೆ. ದೊಡ್ಡವರ ಡಬ್ಬ ಮನೆಯಲ್ಲಿದ್ದರೂ ಅಟ್ಟದ ಮೇಲಿರಲಿ.

ಮಗು ಬೆಳಿಗ್ಗೆ ಎಷ್ಟೊತ್ತಿಗೆ ಏಳುತ್ತದೆ, ಮಧ್ಯಾಹ್ನ ಎಷ್ಟು ಮಲಗುತ್ತದೆ ಅಂತ ನೀವು ಬರೆದಿಲ್ಲ. ಆ ವಯಸ್ಸಿಗೆ ಹಗಲು ರಾತ್ರಿ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಸಂಜೆ ನಾಲ್ಕರಿಂದ ಆರರವರೆಗೆ ಮಲಗಿ ಎದ್ದ ಮಗು ಹನ್ನೆರಡಕ್ಕಲ್ಲದೆ ಇನ್ನು ಯಾವಾಗ ಮಲಗಬೇಕು? ಆ ನಿದ್ದೆ ತಪ್ಪಿಸಿ, ಬೆಳಿಗ್ಗೆ ಏಳಕ್ಕೆ ಎಬ್ಬಿಸಿ ಬಿಸಿಲಿಗೆ ಬಿಡಿ. ಮೊಬೈಲ್ ಬಗ್ಗೆ ಹೇಳೋದಿಲ್ಲ, ನಿಮಗೇ ಗೊತ್ತು.

ಪ್ರಶ್ನೆ: ರಾತ್ರಿ ಒಂದು ಪೆಗ್ ಹಾಕೋ ಅಭ್ಯಾಸ. ಜೊತೆಗೆ ಮೆಲಟೋನಿನ್ ನಡೆಯುತ್ತಾ?
– ಹೆಸರು, ಊರು ಬೇಡ ಅಂದಿದ್ದಾರೆ

ನಡೆಯಲ್ಲ. ಎರಡೂ ಸೇರಿದರೆ ಮಂಪರು ಜಾಸ್ತಿ. ಎಣ್ಣೆ ಬೇಗ ಮಲಗಿಸಿ ಮೂರಕ್ಕೆ ಎಬ್ಬಿಸುತ್ತದೆ, ಅಲ್ವಾ? ನಿಮಗೆ ನಿದ್ದೆ ಕೆಟ್ಟಿರೋದೇ ಅದರಿಂದ ಇರಬಹುದು.

ಪ್ರಶ್ನೆ: ಶಿಡ್ಲಘಟ್ಟದ ಹತ್ತಿರದ ಹಳ್ಳಿ, ರೇಷ್ಮೆ ಬೆಳೆ ನಮ್ಮದು. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಮುಂಚಿನ ನಿದ್ದೆ) ಎದ್ದ ಮೇಲೆ ರಾತ್ರಿ ಹತ್ತಕ್ಕೊಂದು ಸಲ, ಬೆಳಗಿನ ಜಾವ ಒಂದು ಸಲ ಸೊಪ್ಪು ಹಾಕಬೇಕು. ಗೂಡು ಬಿಡಿಸಿ ಮಾರಿ ಬಂದ ಮೇಲೂ ಒಂದು ವಾರ ಮೂರು ಗಂಟೆಗೆ ಎಚ್ಚರ ಆಗುತ್ತೆ. ಆಮೇಲೆ ಸಾಲದ ಲೆಕ್ಕ ಶುರು. ಮೆಲಟೋನಿನ್ ತಗೊಂಡರೆ ಸರಿ ಹೋಗುತ್ತಾ?
– ಓದುಗರು, ಶಿಡ್ಲಘಟ್ಟ ತಾಲ್ಲೂಕು

ನಿಮ್ಮ ಪತ್ರ ಓದಿ ನನ್ನ ಸೋದರಮಾವನ ಹುಳು ಮನೆ ನೆನಪಾಯ್ತು. ರಾತ್ರಿ ಅಲ್ಲಿ ನಿಂತರೆ ಹುಳು ಸೊಪ್ಪು ತಿನ್ನುವ ಸದ್ದು ಸಣ್ಣಗೆ ಮಳೆ ಹನಿದಂತೆ ಕೇಳುತ್ತದೆ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆ ಕೊನೆಯ ವಾರದಲ್ಲೇ ಖರ್ಚಾಗುತ್ತದೆ. ಹತ್ತಿರದಲ್ಲಿ ಸೊಳ್ಳೆ ಬತ್ತಿ ಕೂಡ ಹಚ್ಚುವ ಹಾಗಿಲ್ಲ, ಹುಳುವಿಗೆ ಆಗಲ್ಲ. ಹುಳುವಿಗೆ ಜ್ವರ ಅಂದರೆ ನಿದ್ದೆ, ಮನುಷ್ಯನಿಗೆ ಮಾತ್ರ ಇಲ್ಲ ಅಂತ ಮಾವ ಗೊಣಗುತ್ತಿದ್ದರು.

ಬೆಳೆ ಮುಗಿದ ಮೇಲೂ ಮೂರಕ್ಕೆ ಎಚ್ಚರವಾಗುವುದು ಮೈಯ ಅಭ್ಯಾಸ, ಕಾಯಿಲೆ ಅಲ್ಲ. ಸಾದಾ ಮೆಲಟೋನಿನ್‌ನ ಅರ್ಧ ಭಾಗ ಒಂದು ಗಂಟೆಯೊಳಗೇ ರಕ್ತದಿಂದ ಖಾಲಿಯಾಗುತ್ತದೆ. ಮಲಗುವ ಮುಂಚೆ ತಗೊಂಡದ್ದು ಬೆಳಗಿನ ಜಾವ ಮೂರರ ಎಚ್ಚರವನ್ನು ತಡೆಯುವುದು ಕಷ್ಟ. ಎಚ್ಚರವಾದಾಗ ಟ್ಯೂಬ್‌ಲೈಟ್ ಹಾಕಬೇಡಿ, ಟೈಮ್ ಎಷ್ಟು ಅಂತ ಮೊಬೈಲ್ ನೋಡಬೇಡಿ. ಸಂಜೆ ಎಂಟಕ್ಕೇ ಮಲಗಿಬಿಡುತ್ತೀರಾದರೆ ಮೂರಕ್ಕೆ ಏಳು ಗಂಟೆ ನಿದ್ದೆ ಆಗಿಹೋಗಿರುತ್ತದೆ, ಅದನ್ನೂ ಲೆಕ್ಕ ಹಾಕಿ.

ಸಾಲದ ಲೆಕ್ಕಕ್ಕೆ ನನ್ನ ಅಂಗಡಿಯಲ್ಲಿ ಮಾತ್ರೆ ಇಲ್ಲ ಅಣ್ಣ. ಆದರೆ ಆ ಹೊತ್ತಿನಲ್ಲಿ ಮನಸ್ಸು ತೀರಾ ಕುಸಿದಂತೆ, ಬದುಕೇ ಬೇಡ ಅನ್ನುವಂತೆ ಆದರೆ ಬೆಳಗಾಗಲಿ ಅಂತ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಮೆಲಟೋನಿನ್ ಬದಲು ಗಸಗಸೆ ಪಾಯಸ ಕುಡಿದರೆ?
– ಓದುಗರು, ಬಂಗಾರಪೇಟೆ

ಹಬ್ಬದ ಊಟ, ಹೋಳಿಗೆ, ಅದರ ಮೇಲೆ ಎರಡು ಲೋಟ ಪಾಯಸ, ಆಮೇಲೆ ಫ್ಯಾನ್ ಕೆಳಗೆ ಚಾಪೆ. ಇದರಲ್ಲಿ ಗಸಗಸೆಯ ಪಾಲೆಷ್ಟು ಅಂತ ಹೇಳೋದು ಕಷ್ಟ. ಶುಗರ್ ಇಲ್ಲದಿದ್ದರೆ ಕುಡಿಯಿರಿ, ಬೆಲ್ಲ ಸ್ವಲ್ಪ ಕಡಿಮೆ ಹಾಕಿ.